ವಾರಕ್ಕೊಂದು ಇಂಜೆಕ್ಷನ್, ಕೈಯಲ್ಲೊಂದು ಆ್ಯಪ್: ಎರಡನ್ನೂ ಜೊತೆಗೆ ನಡೆಸುವುದು ಹೇಗೆ

ನಮ್ಮಕ್ಕನ ಫೋನಿಗೆ ಒಂದು ರಾತ್ರಿ ಒಂಬತ್ತೂವರೆಗೆ ಮೆಸೇಜ್ ಬಂತು. ಚಪ್ಪಾಳೆ ತಟ್ಟುವ ಚಿತ್ರ, ಕೆಳಗೆ ಹಸಿರು ಅಕ್ಷರದಲ್ಲಿ "ಭೇಷ್! ಇವತ್ತು ಬರೀ 340 ಕ್ಯಾಲೊರಿ!" ಅವತ್ತು ಅಕ್ಕ ಎರಡು ಸಲ ವಾಂತಿ ಮಾಡಿದ್ದಳು. ಒಂದು ಇಡ್ಲಿ, ಎರಡು ಲೋಟ ಮಜ್ಜಿಗೆ, ಒಂದು ಬಾಳೆಹಣ್ಣು, ನಾಲ್ಕು ಬಿಸ್ಕತ್ತು. ದಿನವಿಡೀ ಹೊಟ್ಟೆಗೆ ಹೋಗಿದ್ದು ಅಷ್ಟೇ. ತಲೆಸುತ್ತು ಅಂತ ಸೋಫಾ ಮೇಲೆ ಒರಗಿದ್ದವಳು ಫೋನನ್ನು ನನ್ನ ಕಡೆ ತಿರುಗಿಸಿ, "ನೋಡೋ, ಇದಕ್ಕೆಷ್ಟು ಖುಷಿ" ಅಂದಳು.

ತಪ್ಪು ಆ್ಯಪ್‌ನದೊಂದೇ ಅಲ್ಲ. ಅಕ್ಕ ವಾರಕ್ಕೊಮ್ಮೆ ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾಳೆ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಹೇಳೋಣ ಅಂದರೆ ಅದರಲ್ಲಿ ಜಾಗವೂ ಇರಲಿಲ್ಲ. ಹಸಿವು ತಡೆಯಲಾಗದವರಿಗೆ ಅಂತ ಮಾಡಿದ ಆ್ಯಪ್ ಅದು. ಇಂಜೆಕ್ಷನ್ ಶುರುವಾದ ಮೇಲೆ ಕಥೆ ಉಲ್ಟಾ. ಹಸಿವೇ ಇರುವುದಿಲ್ಲ. ಆಗ ಫೋನು ಕೇಳಬೇಕಾದ್ದು "ಜಾಸ್ತಿ ತಿಂದಿರಾ?" ಅಂತಲ್ಲ, "ಸಾಕಷ್ಟು ತಿಂದಿರಾ?" ಅಂತ.

ನಾನು ಡಾಕ್ಟರಲ್ಲ. ಅಕ್ಕ ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ಅವಳ ಜೊತೆ ಎಂಟು ತಿಂಗಳು ಆಸ್ಪತ್ರೆಗೆ ಓಡಾಡಿದ್ದೇನೆ, ಅವಳ ಫೋನಿನಲ್ಲಿ ಇದನ್ನೆಲ್ಲ ಕೂರಿಸಿಕೊಟ್ಟಿದ್ದೇನೆ. ಯಾವ ಔಷಧಿ, ಎಷ್ಟು ಡೋಸ್ ಅನ್ನುವುದು ನಿಮ್ಮ ಡಾಕ್ಟರಿಗೆ ಬಿಟ್ಟದ್ದು. ಉಳಿದ ಆರೂಮುಕ್ಕಾಲು ದಿನ ಮನೆಯಲ್ಲಿ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮೊದಲು: ಇದರಿಂದ ಏನು ನಿರೀಕ್ಷಿಸಬಹುದು

ಈಗ ಹೆಚ್ಚು ಕೇಳಿಬರುವ ಔಷಧಿಗಳು ಎರಡು: ಸೆಮಾಗ್ಲುಟೈಡ್ ಮತ್ತು ಟಿರ್ಜೆಪಟೈಡ್. ಊಟವಾದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಅನ್ನುವ ಹಾರ್ಮೋನು ಬಿಡುತ್ತದೆ. ಸೆಮಾಗ್ಲುಟೈಡ್ ಅದರ ಹಾಗೆ ನಟಿಸುತ್ತದೆ. ಟಿರ್ಜೆಪಟೈಡ್ ಅದರ ಜೊತೆ ಜಿಐಪಿ ಅನ್ನುವ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಮಿದುಳಿಗೆ "ಸಾಕು" ಅನ್ನುವ ಸುದ್ದಿ ಬೇಗ ಮುಟ್ಟುತ್ತದೆ. ಟಿರ್ಜೆಪಟೈಡ್ ಮೌಂಜಾರೊ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು. ತೂಕಕ್ಕೆಂದೇ ಇರುವ ಸೆಮಾಗ್ಲುಟೈಡ್, ಅಂದರೆ ವೆಗೋವಿ, ಅದೇ ವರ್ಷ ಜೂನ್‌ನಲ್ಲಿ ಬಂತು.

2021ರಲ್ಲಿ ಪ್ರಕಟವಾದ ಸ್ಟೆಪ್-1 ಪ್ರಯೋಗದಲ್ಲಿ 1,961 ಜನರಿದ್ದರು. ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ 68 ವಾರದಲ್ಲಿ ಸರಾಸರಿ 14.9% ಇಳಿಯಿತು. ಹೋಲಿಕೆಗೆಂದು ಔಷಧಿಯೇ ಇಲ್ಲದ ಖಾಲಿ ಇಂಜೆಕ್ಷನ್ ತೆಗೆದುಕೊಂಡವರದು 2.4%. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಅದರ ಹಿಂದಿನ ಒಂದು ಸಂಗತಿಯನ್ನು ಹೇಳುವವರು ಕಡಿಮೆ: ಅವರೆಲ್ಲರಿಗೂ ನಾಲ್ಕು ವಾರಕ್ಕೊಮ್ಮೆ ಆಹಾರದ ಬಗ್ಗೆ ಸಲಹೆ ಸಿಗುತ್ತಿತ್ತು. ದಿನದ ಊಟ, ಓಡಾಟವನ್ನು ಡೈರಿಯಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಬರೆದಿಡಬೇಕಿತ್ತು. ಅಂದರೆ ಆ 14.9% ಬರೀ ಸೂಜಿಯದ್ದಲ್ಲ.

ಹಾಗಂತ ಆ್ಯಪ್ ಹಾಕಿಕೊಂಡರೆ ತೂಕ ಇನ್ನೂ ಸಿಕ್ಕಾಪಟ್ಟೆ ಇಳಿಯುತ್ತದೆ ಅಂದುಕೊಳ್ಳಬೇಡಿ. ಸ್ಟೆಪ್-3ರಲ್ಲಿ ಅದೇ ಔಷಧಿಯ ಜೊತೆ 30 ಸಲ ಕೂರಿಸಿಕೊಂಡು ಸಲಹೆ ಕೊಟ್ಟರು, ಮೊದಲ ಎಂಟು ವಾರ ಕಡಿಮೆ ಕ್ಯಾಲೊರಿಯ ಊಟ ಕೊಟ್ಟರು. ಇಳಿದದ್ದು 16%. ಎರಡು ಬೇರೆ ಬೇರೆ ಪ್ರಯೋಗಗಳು, ಪಕ್ಕಪಕ್ಕ ಇಟ್ಟು ತೂಗುವ ಹಾಗಿಲ್ಲ. ಆದರೂ ನನಗೆ ಅರ್ಥವಾದದ್ದು ಇಷ್ಟು: ತಕ್ಕಡಿಯ ಮುಳ್ಳನ್ನು ಇಳಿಸುವುದು ಔಷಧಿಯೇ. ಇಳಿಯುವಾಗ ಮಾಂಸಖಂಡ ಉಳಿಸಿಕೊಳ್ಳುವುದು, ಅಡ್ಡಪರಿಣಾಮ ತಡೆದುಕೊಳ್ಳುವುದು, ಡೋಸ್ ತಪ್ಪಿಸದೆ ಇರುವುದು, ಔಷಧಿ ನಿಂತ ಮೇಲೆ ನಿಭಾಯಿಸುವುದು ಆ್ಯಪ್‌ನ ಪಾಲಿನ ಕೆಲಸ.

ಸಕ್ಕರೆ ಕಾಯಿಲೆ ಇದ್ದವರಿಗೆ ತೂಕ ಸ್ವಲ್ಪ ಕಡಿಮೆಯೇ ಇಳಿಯುತ್ತದೆ. ಅಂಥವರ ಮೇಲೆ ಮಾಡಿದ ಸ್ಟೆಪ್-2ರಲ್ಲಿ ಸೆಮಾಗ್ಲುಟೈಡ್‌ನಿಂದ 9.6% ಇಳಿದಿತ್ತು, ಸರ್‌ಮೌಂಟ್-2ರಲ್ಲಿ ಟಿರ್ಜೆಪಟೈಡ್‌ನ ದೊಡ್ಡ ಡೋಸ್‌ನಿಂದ 14.7%. ಇದು ಮೊದಲೇ ಗೊತ್ತಿದ್ದರೆ ಪಕ್ಕದ ಮನೆಯವರ ತೂಕಕ್ಕೆ ಹೋಲಿಸಿಕೊಂಡು ಕೊರಗುವುದು ತಪ್ಪುತ್ತದೆ.

ಹೆಜ್ಜೆ 1: ಡಾಕ್ಟರ ಮುಂದೆ ಎಲ್ಲ ಹೇಳಿಬಿಡಿ

ನಮ್ಮ ದೇಶದ ಅಳತೆಯಲ್ಲಿ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 25 ದಾಟಿದರೆ ಬೊಜ್ಜು. ಆದರೆ ಈ ಔಷಧಿಗಳಿಗೆ ಒಪ್ಪಿಗೆ ಇರುವುದು ಬಿಎಂಐ 30 ಅಥವಾ ಅದಕ್ಕಿಂತ ಮೇಲಿದ್ದರೆ. 27ರಿಂದ ಮೇಲಿದ್ದು ಜೊತೆಗೆ ಶುಗರ್, ಬಿಪಿ ಥರದ ತೊಂದರೆ ಇದ್ದರೂ ಆಗುತ್ತದೆ. ಅಕ್ಕನ ತೂಕ 82 ಕೆಜಿ, ಎತ್ತರ 156 ಸೆಂ.ಮೀ. ಬಿಎಂಐ 33.7, ಮೇಲೆ ಶುಗರ್. ಮದುವೆಗೆ ಮುಂಚೆ ಐದು ಕೆಜಿ ಇಳಿಸಬೇಕು ಅನ್ನುವವರಿಗೆ ಮಾಡಿದ ಔಷಧಿ ಇದಲ್ಲ.

ಮುಚ್ಚಿಡಬಾರದ ವಿಷಯಗಳು: ಮೇದೋಜೀರಕ ಗ್ರಂಥಿಯ ಉರಿಯೂತ ಹಿಂದೆ ಆಗಿದೆಯಾ, ಪಿತ್ತಕೋಶದಲ್ಲಿ ಕಲ್ಲಿದೆಯಾ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿತ್ತಾ. ಅದರಲ್ಲೂ ಮೆಡುಲ್ಲರಿ ಅನ್ನುವ ಬಗೆಯದ್ದಾದರೆ ಈ ಔಷಧಿ ಬೇಡ. ಮಗು ಬೇಕು ಅಂತಿದ್ದರೆ ಅದನ್ನೂ ಹೇಳಿ. ಗರ್ಭಿಣಿಯರಿಗೆ ಇದು ಕೂಡದು. ಸೆಮಾಗ್ಲುಟೈಡನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಶುರು ಮಾಡಿದಾಗ ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ ಗರ್ಭನಿರೋಧಕ ಮಾತ್ರೆಯೊಂದನ್ನೇ ನಂಬಬಾರದು. ಇದನ್ನು ಎಷ್ಟೋ ಹೆಣ್ಣುಮಕ್ಕಳಿಗೆ ಯಾರೂ ಹೇಳಿಯೇ ಇರುವುದಿಲ್ಲ.

ಶುಗರ್ ಮಾತ್ರೆಗಳ ಪಟ್ಟಿ ತೆಗೆದುಕೊಂಡು ಹೋಗಿ. ಅಕ್ಕ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ನುಂಗುತ್ತಿದ್ದಳು. ಊಟ ಕಡಿಮೆಯಾಗಿ, ಗ್ಲಿಮೆಪಿರೈಡ್ ಮೊದಲಿನಷ್ಟೇ ಇದ್ದರೆ ಶುಗರ್ ಕುಸಿಯುತ್ತದೆ. ಡಾಕ್ಟರು ಮೊದಲ ದಿನವೇ ಅದನ್ನು ಅರ್ಧ ಮಾಡಿದರು. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಶುಗರ್ ಇರುವವರು ಕಣ್ಣಿನ ಪರದೆಯನ್ನೂ ಒಮ್ಮೆ ತೋರಿಸಿಕೊಳ್ಳಿ.

ಮನೆಗೆ ಬಂದು ಮೂರು ಅಳತೆ ಬರೆದಿಡಿ: ತೂಕ, ಸೊಂಟದ ಸುತ್ತಳತೆ, ಮತ್ತು ಕುರ್ಚಿ ಲೆಕ್ಕ. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಅನ್ನುವುದೇ ಕುರ್ಚಿ ಲೆಕ್ಕ. ಅಕ್ಕನಿಗೆ ಮೊದಲ ದಿನ ಬಂದದ್ದು 9. ಈ ಅಂಕಿಯನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಹೆಜ್ಜೆ 2: ಆ್ಯಪ್ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು

ಜಾಹೀರಾತು ನೋಡಿ ವರ್ಷದ ದುಡ್ಡು ಕಟ್ಟಬೇಡಿ. ನಾವು ಕಟ್ಟಿ ಕೆಟ್ಟೆವು. ಮೊದಲು ಒಂದು ವಾರ ಪುಕ್ಕಟೆ ಬಳಸಿ ನೋಡಿ, ಇಷ್ಟು ವಿಚಾರಿಸಿ.

ಆ ಕಡೆ ಮನುಷ್ಯರಿದ್ದಾರಾ? ಇದ್ದರೆ ಅವರು ಯಾರು? ಕೇಂದ್ರ ಸರ್ಕಾರ 2020ರಲ್ಲಿ ತಂದ ಟೆಲಿಮೆಡಿಸಿನ್ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕೃತಕ ಬುದ್ಧಿಮತ್ತೆಯ ಯಂತ್ರ ರೋಗಿಗೆ ಔಷಧಿ ಬರೆದುಕೊಡುವ ಹಾಗಿಲ್ಲ, ನೋಂದಾಯಿತ ವೈದ್ಯರೇ ಬರೆಯಬೇಕು, ಚೀಟಿಯ ಮೇಲೆ ಅವರ ನೋಂದಣಿ ಸಂಖ್ಯೆ ಇರಬೇಕು. "ಕೋಚ್" ಅಂತ ಹೆಸರಿಟ್ಟುಕೊಂಡವರು ಡೋಸ್ ಏರಿಸಿ ಅಂದರೆ ಆ ಮಾತಿಗೆ ಬೆಲೆ ಇಲ್ಲ.

ಔಷಧಿಯ ಹೆಸರು, ಡೋಸ್, ದಿನ ಬರೆಯಲು ಜಾಗ ಇದೆಯಾ? ಇಲ್ಲದಿದ್ದರೆ ನಮ್ಮಕ್ಕನಿಗೆ ಆದ ಹಾಗೆ ಉಪವಾಸಕ್ಕೂ ಚಪ್ಪಾಳೆ ಬೀಳುತ್ತದೆ. ಕ್ಯಾಲೊರಿ ಗುರಿಯನ್ನು ಆಫ್ ಮಾಡಿ ಪ್ರೋಟೀನ್ ಗುರಿ ಇಡಲು ಬರುತ್ತದಾ? ಬರೆದದ್ದನ್ನೆಲ್ಲ ಒಂದು ಪಿಡಿಎಫ್ ಮಾಡಿ ಡಾಕ್ಟರಿಗೆ ಕಳಿಸಬಹುದಾ? ನಿಮ್ಮ ಮಾಹಿತಿಯನ್ನು ಅಳಿಸಿ ಅಂದರೆ ಅಳಿಸುತ್ತಾರಾ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಕೊಟ್ಟ ಒಪ್ಪಿಗೆ ವಾಪಸ್ ಪಡೆಯುವ ಹಕ್ಕಿದೆ. ಅದನ್ನು ಮಾಡುವ ಬಟನ್ ಎಲ್ಲಿದೆ ಅಂತ ಶುರುವಿನಲ್ಲೇ ಹುಡುಕಿಟ್ಟುಕೊಳ್ಳಿ.

ಇನ್ನು ಊಟದ ಪಟ್ಟಿ. ಇಲ್ಲಿ ನನ್ನ ತಾಳ್ಮೆ ಪರೀಕ್ಷೆ ಆಯಿತು. ಬಸ್ಸಾರು ಅಂತ ಹುಡುಕಿದರೆ ಸಾಂಬಾರ್ ತೋರಿಸುತ್ತದೆ. ರಾಗಿ ಮುದ್ದೆ ಇದೆ, ಆದರೆ ಅದರ ಮುದ್ದೆ ನಿಂಬೆಹಣ್ಣಿನಷ್ಟು. ನಮ್ಮನೆಯದನ್ನು ಅಡುಗೆ ತಕ್ಕಡಿಯ ಮೇಲಿಟ್ಟರೆ 240 ಗ್ರಾಂ ಬಂತು. ಇದಕ್ಕೆ ಉಪಾಯ ಒಂದೇ: ಒಂದು ಭಾನುವಾರ ಕೂತು, ಮನೆಯಲ್ಲಿ ಪದೇ ಪದೇ ಮಾಡುವ ಹತ್ತು ಹನ್ನೆರಡು ಅಡುಗೆಯನ್ನು ತೂಗಿ "ನಮ್ಮನೆ ಮುದ್ದೆ", "ನಮ್ಮನೆ ಕಾಳು ಸಾರು" ಅಂತ ಹೆಸರಿಟ್ಟು ಉಳಿಸಿಬಿಡಿ. ಆಮೇಲೆ ಪ್ರತಿ ಊಟಕ್ಕೆ ಅರ್ಧ ನಿಮಿಷ ಸಾಕು.

ಯಾವ ಆ್ಯಪೂ ಹಿಡಿಸಲಿಲ್ಲ ಅಂದರೆ ಗೂಗಲ್ ಶೀಟ್, ಫೋನಿನ ಅಲಾರಂ, ಡಯಟಿಷಿಯನ್ ಜೊತೆಗಿನ ವಾಟ್ಸ್ಆ್ಯಪ್ ಕೂಡ ಡಿಜಿಟಲ್ ಬೆಂಬಲವೇ. ಅಕ್ಕ ಕೊನೆಗೆ ನಿಂತದ್ದು ಅಲ್ಲಿಗೇ.

ಹೆಜ್ಜೆ 3: ದಿನ ಗೊತ್ತು ಮಾಡಿ, ಫೋನ್ ಸಿದ್ಧ ಮಾಡಿ

ಹೆಚ್ಚಿನವರಿಗೆ ಇಂಜೆಕ್ಷನ್ ಆದ ಒಂದೆರಡು ದಿನ ಹೊಟ್ಟೆ ತೊಳೆಸುವುದು ಜಾಸ್ತಿ. ಅಕ್ಕ ಶುಕ್ರವಾರ ರಾತ್ರಿ ಆರಿಸಿಕೊಂಡಳು. ಶನಿವಾರ ಅರ್ಧ ದಿನ ಸ್ಕೂಲು, ಭಾನುವಾರ ರಜೆ. ಹೊಟ್ಟೆ, ತೊಡೆ, ತೋಳು, ಮೂರರಲ್ಲಿ ಎಲ್ಲಾದರೂ ಚುಚ್ಚಬಹುದು. ಹೊಟ್ಟೆಯಾದರೆ ಹೊಕ್ಕುಳಿಂದ ಎರಡು ಇಂಚು ದೂರ. ಪ್ರತಿ ವಾರ ಜಾಗ ಬದಲಿಸಿ.

ಶೀಟಿನಲ್ಲಿ ನಾಲ್ಕೇ ಕಾಲಂ ಇಟ್ಟಿದ್ದೆ. ಒಂದು, ಇಂಜೆಕ್ಷನ್: ದಿನ, ಡೋಸ್, ಜಾಗ. ಎರಡು, ಪ್ರೋಟೀನ್ ಎಷ್ಟು ಗ್ರಾಂ. ಮೂರು, ಹೊಟ್ಟೆಯ ಸ್ಥಿತಿ, ಸೊನ್ನೆಯಿಂದ ಮೂರರವರೆಗೆ. ಸೊನ್ನೆ ಅಂದರೆ ಆರಾಮ, ಮೂರು ಅಂದರೆ ವಾಂತಿ. ನಾಲ್ಕು, ಶುಗರ್. ತೂಕಕ್ಕೆ ಕಾಲಂ ಬೇಡ ಅಂದೆ. ವಾರಕ್ಕೊಮ್ಮೆ, ಶುಕ್ರವಾರ ಬೆಳಗ್ಗೆ ಮಾತ್ರ ನೋಡಿದರೆ ಸಾಕು. ದಿನಾ ನೋಡಿದರೆ ತಲೆ ಕೆಡುತ್ತದೆ, ಅಲ್ವಾ?

ಔಷಧಿಯನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ. ಫ್ರೀಜರಿನಲ್ಲಿ ಬೇಡ, ಹೆಪ್ಪುಗಟ್ಟಿದ್ದನ್ನು ಬಿಸಾಡಬೇಕು. ಮೌಂಜಾರೊವನ್ನು 30 ಡಿಗ್ರಿ ಮೀರದ ಕಡೆ 21 ದಿನದವರೆಗೆ ಹೊರಗಿಡಬಹುದು. ಆದರೆ ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನ ಮನೆಯೊಳಗೂ 30 ಡಿಗ್ರಿ ಅನ್ನುವುದು ಕನಸು. ಬಸ್ಸಿನಲ್ಲಿ ಒಯ್ಯುವಾಗ ಐಸ್ ಪ್ಯಾಕಿಗೆ ಬಟ್ಟೆ ಸುತ್ತಿ, ಔಷಧಿ ನೇರ ಐಸಿಗೆ ತಾಗದ ಹಾಗೆ ಇಡಿ.

ಡೋಸ್ ಮರೆತರೆ? ಟಿರ್ಜೆಪಟೈಡ್ ಆದರೆ ನಾಲ್ಕು ದಿನದೊಳಗೆ ನೆನಪಾದರೆ ತೆಗೆದುಕೊಳ್ಳಿ. ಸೆಮಾಗ್ಲುಟೈಡ್ ಆದರೆ ಮುಂದಿನ ಡೋಸ್‌ಗೆ ಎರಡು ದಿನಕ್ಕಿಂತ ಜಾಸ್ತಿ ಇದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಬಿಟ್ಟುಬಿಡಿ, ಮುಂದಿನ ವಾರದ ದಿನಕ್ಕೆ ಕಾಯಿರಿ. ಎರಡು ಡೋಸ್ ಒಟ್ಟಿಗೆ ಯಾವತ್ತೂ ಬೇಡ. ಎರಡು ಮೂರು ವಾರ ತಪ್ಪಿದ್ದರೆ ಡಾಕ್ಟರನ್ನು ಕೇಳದೆ ಹಳೆಯ ಡೋಸ್‌ಗೆ ಹಾರಬೇಡಿ.

ಹೆಜ್ಜೆ 4: ಉಣ್ಣುವುದೇ ಕೆಲಸ

"ಅಕ್ಕ, ಊಟ ಆಯ್ತಾ?"

"ಬ್ಯಾಡ ಕಣೋ, ಹಸಿವೇ ಇಲ್ಲ."

ಎರಡನೇ ತಿಂಗಳಲ್ಲಿ ದಿನಾ ಇದೇ ಮಾತು. ತೂಕ ಸರಸರ ಇಳಿಯುತ್ತಿತ್ತು, ಅವಳಿಗೆ ಖುಷಿ. ಆದರೆ ಇಳಿಯುವುದು ಬರೀ ಕೊಬ್ಬಲ್ಲ. ಇಳಿದ ತೂಕದಲ್ಲಿ ಕಾಲು ಭಾಗದಿಂದ ಸುಮಾರು 40%ವರೆಗೆ ಕೊಬ್ಬಲ್ಲದ ಭಾಗ ಇರುತ್ತದೆ ಅಂತ ಈ ಔಷಧಿಗಳ ಪ್ರಯೋಗಗಳಲ್ಲಿ ಕಂಡಿದೆ. ಅದರಲ್ಲಿ ಮಾಂಸಖಂಡವೂ ಸೇರಿದೆ. ಬೊಜ್ಜು ಬೇಡ ಅಂತ ಹೊರಟು ತೊಡೆಯ ಶಕ್ತಿ ಕಳೆದುಕೊಂಡರೆ ಏನು ಬಂತು?

ಡಯಟಿಷಿಯನ್ ಅಕ್ಕನಿಗೆ ದಿನಕ್ಕೆ 70 ಗ್ರಾಂ ಪ್ರೋಟೀನ್ ಗುರಿ ಕೊಟ್ಟರು. ಕಿಡ್ನಿ ತೊಂದರೆ ಇರುವವರಿಗೆ ಈ ಲೆಕ್ಕ ಬೇರೆ, ಕೇಳಿಯೇ ಮುಂದುವರಿಯಿರಿ. ನಮ್ಮ ಕಡೆಯ ಊಟದಲ್ಲಿ 70 ಮುಟ್ಟುವುದು ಅಂದುಕೊಂಡಷ್ಟು ಸುಲಭವಲ್ಲ. ಮುದ್ದೆ ಗಟ್ಟಿ ಊಟ ಅನ್ನುತ್ತೇವೆ. ಆದರೆ ರಾಗಿಹಿಟ್ಟಿನಲ್ಲಿ ಪ್ರೋಟೀನ್ 100 ಗ್ರಾಮಿಗೆ ಸುಮಾರು 7 ಗ್ರಾಂ ಅಷ್ಟೇ. ಅಕ್ಕನ ಒಂದು ದಿನ ಹೀಗಿತ್ತು: ಬೆಳಗ್ಗೆ ಎರಡು ಮೊಟ್ಟೆ, 50 ಗ್ರಾಂ ಹೆಸರುಕಾಳು ರುಬ್ಬಿ ಹೊಯ್ದ ಎರಡು ಸಣ್ಣ ದೋಸೆ. ಅಲ್ಲಿಗೆ 24. ಮಧ್ಯಾಹ್ನ ಅರ್ಧ ಮುದ್ದೆ, ಒಂದು ಬಟ್ಟಲು ಗಟ್ಟಿ ಅಲಸಂದೆ ಕಾಳು ಸಾರು, ಒಂದು ಬಟ್ಟಲು ಮೊಸರು, 16. ಸಂಜೆ ಒಂದು ಹಿಡಿ ಹುರಿಗಡಲೆ, 6. ರಾತ್ರಿ 100 ಗ್ರಾಂ ಪನೀರ್ ಪಲ್ಯ, ಒಂದು ಲೋಟ ಹಾಲು, 24. ಒಟ್ಟು 70. ಕಾಳು ಮೊದಲು, ಮುದ್ದೆ ಆಮೇಲೆ, ಇದು ಅವಳ ನಿಯಮ. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ ಅಂದರೆ ಆ ನಾಲ್ಕು ತುತ್ತೂ ಕಾಳಿನದ್ದೇ ಆಗಲಿ.

ಫೋನಿನಲ್ಲಿ ಇಟ್ಟದ್ದು ಮೂರು ಅಲಾರಂ. ಮಧ್ಯಾಹ್ನ ಒಂದಕ್ಕೆ "ಹಸಿವಿಲ್ಲದಿದ್ದರೂ ಕೂರು". ನಾಲ್ಕಕ್ಕೆ ನೀರು. ರಾತ್ರಿ ಎಂಟಕ್ಕೆ "ಎಷ್ಟು ಗ್ರಾಂ ಆಯ್ತು?" ಮೊದಲನೆಯದನ್ನು ಅವಳು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿಸಿಕೊಂಡಳು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರಂತೆ.

ಹೊಟ್ಟೆ ತೊಳೆಸಿದಾಗ ಸಣ್ಣ ತಟ್ಟೆ, ನಿಧಾನ ಊಟ, ಕರಿದದ್ದು ಬೇಡ. ಬೋಂಡ ತಿಂದ ರಾತ್ರಿ ಹುಳಿತೇಗು ಗ್ಯಾರಂಟಿ. ಮಲಬದ್ಧತೆಗೆ ನೀರು, ಸೊಪ್ಪು, ಓಡಾಟ. ಊಟವಾದ ತಕ್ಷಣ ಮಲಗಬೇಡಿ.

ಹೆಜ್ಜೆ 5: ಡೋಸ್ ಏರಿಸುವ ವಾರ

ಸೆಮಾಗ್ಲುಟೈಡ್ 0.25 ಮಿ.ಗ್ರಾಂನಿಂದ ಶುರುವಾಗಿ ನಾಲ್ಕು ವಾರಕ್ಕೊಂದು ಮೆಟ್ಟಿಲು ಏರುತ್ತಾ 2.4ರವರೆಗೆ ಹೋಗುತ್ತದೆ. ಟಿರ್ಜೆಪಟೈಡ್ 2.5ರಿಂದ ಶುರು, ನಾಲ್ಕು ವಾರದ ಮೇಲೆ 5. ಅಲ್ಲಿಂದ ಮುಂದೆ ಬೇಕಿದ್ದರೆ ಮಾತ್ರ, ಹೆಚ್ಚೆಂದರೆ 15. "ಬೇಕಿದ್ದರೆ" ಅನ್ನುವುದನ್ನು ಗಮನಿಸಿ. ಇದು ಓಟದ ಪಂದ್ಯವಲ್ಲ.

ಶೀಟು ನಿಜವಾಗಿ ಕೆಲಸಕ್ಕೆ ಬಂದದ್ದು ಇಲ್ಲಿ. ಅಕ್ಕನ ಟಿರ್ಜೆಪಟೈಡನ್ನು ಐದಕ್ಕೆ ಏರಿಸಿದ ತಿಂಗಳು ಅವಳ ಹೊಟ್ಟೆಯ ಕಾಲಂನಲ್ಲಿ 3, 3, 2, 2. ಪ್ರೋಟೀನ್ ಕಾಲಂನಲ್ಲಿ 31, 28, 35. ಡಾಕ್ಟರ ಮುಂದೆ ಕೂತಾಗ ಅಕ್ಕ "ಪರವಾಗಿಲ್ಲ ಡಾಕ್ಟ್ರೇ, ತಡ್ಕೊತೀನಿ" ಅಂದಳು. ನಾನು ಫೋನ್ ಮುಂದಿಟ್ಟೆ. ಅವರು ಒಂದು ನಿಮಿಷ ಬೆರಳಾಡಿಸಿ ನೋಡಿ, "ಇನ್ನೂ ನಾಲ್ಕು ವಾರ ಇದರಲ್ಲೇ ಇರೋಣ, ಏರಿಸೋದು ಬೇಡ" ಅಂದರು. ಬಾಯಲ್ಲಿ ಸುಳ್ಳು ಹೇಳುವುದು ಸುಲಭ, ಬರೆದಿಟ್ಟ ಅಂಕಿಯಲ್ಲಿ ಕಷ್ಟ.

ಆ್ಯಪ್‌ನಲ್ಲಿ ಚಾಟ್ ಮಾಡುತ್ತಾ ಕೂರಬಾರದ ಲಕ್ಷಣಗಳನ್ನು ಅಕ್ಕನ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಮೇಲ್ಹೊಟ್ಟೆಯಲ್ಲಿ ಬೆನ್ನಿಗೆ ಹೊಡೆಯುವಂಥ ಜೋರು ನೋವು. ಬಲಪಕ್ಕೆಯ ಕೆಳಗೆ ನೋವು, ಜೊತೆಗೆ ಜ್ವರ ಅಥವಾ ಕಣ್ಣು ಹಳದಿ. ನೀರೂ ನಿಲ್ಲದಷ್ಟು ವಾಂತಿ, ಮೂತ್ರ ಕಡಿಮೆಯಾಗುವುದು. ದೃಷ್ಟಿ ಇದ್ದಕ್ಕಿದ್ದಂತೆ ಮಂಜಾಗುವುದು. ಇವುಗಳಲ್ಲಿ ಯಾವುದಾದರೂ ಆದರೆ ಆಸ್ಪತ್ರೆಗೆ ಹೋಗಬೇಕು, ಬೇಕಿದ್ದರೆ 108ಕ್ಕೆ ಫೋನ್ ಮಾಡಿ. ಶುಗರ್ 70ಕ್ಕಿಂತ ಕೆಳಗಿಳಿದರೆ ಮೊದಲು ಸಕ್ಕರೆ ನೀರೋ ಗ್ಲೂಕೋಸೋ ಕುಡಿದು, ಆಮೇಲೆ ಡಾಕ್ಟರಿಗೆ ಫೋನ್. ಯಾವುದಾದರೂ ಆಪರೇಷನ್ ಇದ್ದರೆ ಅರಿವಳಿಕೆ ಡಾಕ್ಟರಿಗೆ ಈ ಇಂಜೆಕ್ಷನ್ ವಿಷಯ ಮೊದಲೇ ತಿಳಿಸಿ. ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಇದು ಮುಖ್ಯ.

ಹೆಜ್ಜೆ 6: ಹೆಜ್ಜೆ ಎಣಿಸುವುದು ಸಾಲದು

ಕೈಗಡಿಯಾರ ಹತ್ತು ಸಾವಿರ ಹೆಜ್ಜೆ ತೋರಿಸಿದರೆ ಎಲ್ಲರಿಗೂ ಸಮಾಧಾನ. ವಾಕಿಂಗ್ ಒಳ್ಳೆಯದೇ, ವಾರಕ್ಕೆ 150 ನಿಮಿಷ ಬೇಕೇ ಬೇಕು. ಮಾಂಸಖಂಡ ಉಳಿಯಬೇಕಾದರೆ ವಾರಕ್ಕೆ ಎರಡು ದಿನವಾದರೂ ಭಾರದ ಕೆಲಸವೂ ಬೇಕು. ಅಕ್ಕ ಜಿಮ್‌ಗೆ ಬಿಲ್ಕುಲ್ ಒಪ್ಪಲಿಲ್ಲ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ, ಎರಡು ಲೀಟರಿನ ನೀರಿನ ಬಾಟಲಿ ಎತ್ತುವುದು, ರಬ್ಬರ್ ಬ್ಯಾಂಡ್ ಎಳೆಯುವುದು. ಮಂಗಳವಾರ, ಗುರುವಾರ, ಇಪ್ಪತ್ತು ನಿಮಿಷ. ಬೆಂಗಳೂರಿನಿಂದ ನಾನು ವಿಡಿಯೊ ಕಾಲ್‌ನಲ್ಲಿ ಜೊತೆಗೆ ಮಾಡುತ್ತಿದ್ದೆ. ನನ್ನ ಮಂಡಿಯೇ ಮೊದಲು ಸದ್ದು ಮಾಡಿತು.

ತಿಂಗಳಿಗೊಮ್ಮೆ ಕುರ್ಚಿ ಲೆಕ್ಕ. ತೂಕ ಇಳಿಯುತ್ತಾ ಕುರ್ಚಿಯ ಅಂಕಿಯೂ ಇಳಿದರೆ ಎಚ್ಚರಿಕೆ. ಎಂಟು ತಿಂಗಳಲ್ಲಿ ಅಕ್ಕನ ತೂಕ 82ರಿಂದ 73.5ಕ್ಕೆ ಬಂತು, ಕುರ್ಚಿ 9ರಿಂದ 13ಕ್ಕೆ ಏರಿತು.

ಹೆಜ್ಜೆ 7: ದುಡ್ಡು, ಮತ್ತು ನಿಲ್ಲಿಸುವ ಮಾತು

ಇದನ್ನು ಮೊದಲ ತಿಂಗಳಲ್ಲೇ ಮಾತಾಡಿ. ತಿಂಗಳಿಗೆ ಸಾವಿರಾರು ರೂಪಾಯಿ ಹೋಗುತ್ತದೆ, ಡೋಸ್ ಏರಿದ ಹಾಗೆ ಬೆಲೆಯೂ ಏರುತ್ತದೆ. ಸೆಮಾಗ್ಲುಟೈಡ್ ಪೇಟೆಂಟ್ ಭಾರತದಲ್ಲಿ ಇದ್ದದ್ದು 2026ರ ಮಾರ್ಚ್‌ವರೆಗೆ. ಅದು ಮುಗಿದ ಮೇಲೆ ಬೇರೆ ಕಂಪನಿಗಳಿಗೂ ದಾರಿ, ಬೆಲೆಯೂ ಇಳಿಯಬಹುದು. ಆದರೆ ಅಗ್ಗ ಅಂತ ಜಿಮ್ ಟ್ರೇನರ್ ಕೈಯಿಂದಲೋ ಪಾರ್ಲರಿನಿಂದಲೋ ಕೊಳ್ಳಬೇಡಿ. ಚೀಟಿ ಕೊಟ್ಟು, ಬಿಲ್ ಪಡೆದು, ಬ್ಯಾಚ್ ನಂಬರಿನ ಫೋಟೊ ತೆಗೆದಿಡಿ. ಬ್ರ್ಯಾಂಡ್ ಬದಲಾದರೆ ಪೆನ್ನಿನ ಬಳಕೆಯೂ ಬದಲಾಗಬಹುದು, ಮತ್ತೊಮ್ಮೆ ಹೇಳಿಸಿಕೊಳ್ಳಿ.

ನಿಲ್ಲಿಸಿದರೆ ಏನಾಗುತ್ತದೆ? ಸ್ಟೆಪ್-1ರಲ್ಲಿ ಭಾಗವಹಿಸಿದ್ದ ಕೆಲವರನ್ನು ನಿಲ್ಲಿಸಿದ ಮೇಲೂ ಒಂದು ವರ್ಷ ಗಮನಿಸಿದರು. ಇಳಿದಿದ್ದ ತೂಕದ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಅವರಿಗೆ ಔಷಧಿಯ ಜೊತೆ ಸಲಹೆಯೂ ಅವತ್ತೇ ನಿಂತಿತ್ತು ಅನ್ನುವುದು ಗೊತ್ತಿರಲಿ. ಡೆನ್ಮಾರ್ಕ್‌ನಲ್ಲಿ ಲಿರಾಗ್ಲುಟೈಡ್ ಅನ್ನುವ ಹಳೆಯ ಔಷಧಿಯ ಮೇಲೆ ನಡೆದ ಪ್ರಯೋಗದಲ್ಲಿ, ಔಷಧಿಯ ಜೊತೆ ವ್ಯಾಯಾಮವನ್ನೂ ಮಾಡಿದ್ದವರು ಔಷಧಿ ನಿಂತು ಒಂದು ವರ್ಷದ ಮೇಲೆ ಬರೀ ಔಷಧಿ ತೆಗೆದುಕೊಂಡವರಿಗಿಂತ ಚೆನ್ನಾಗಿ ತೂಕ ಉಳಿಸಿಕೊಂಡಿದ್ದರು.

ಹಾಗಾಗಿ ಔಷಧಿ ನಿಲ್ಲಿಸುವ ತಿಂಗಳಲ್ಲೇ ಆ್ಯಪ್ ಕೂಡ ನಿಲ್ಲಿಸುವುದು ದೊಡ್ಡ ತಪ್ಪು. ಎಲ್ಲರೂ ಮಾಡುವುದು ಅದನ್ನೇ. ಆಗಲೇ ಅದರ ಕೆಲಸ ಮತ್ತೆ ತಿರುಗುತ್ತದೆ. ಹಸಿವು ವಾಪಸ್ ಬರುತ್ತದೆ, "ಜಾಸ್ತಿ ತಿಂದಿರಾ?" ಅನ್ನುವ ಹಳೆಯ ಪ್ರಶ್ನೆಗೆ ಈಗ ಅರ್ಥ ಬರುತ್ತದೆ. ಶೀಟಿನಲ್ಲಿ ಹೊಟ್ಟೆಯ ಕಾಲಂ ತೆಗೆದು ಹಸಿವಿನ ಕಾಲಂ ಹಾಕಿ.

ಅಕ್ಕ ಸದ್ಯಕ್ಕೆ ನಿಲ್ಲಿಸುವುದಿಲ್ಲ, 7.5ರಲ್ಲಿದ್ದಾಳೆ. ಆದರೂ ಡಾಕ್ಟರ ಜೊತೆ ಕೂತು ಒಂದು ಗೆರೆ ಹಾಕಿಕೊಂಡಿದ್ದೇವೆ. ಯಾವತ್ತಾದರೂ ನಿಲ್ಲಿಸಿದ ಮೇಲೆ ಎರಡು ಶುಕ್ರವಾರ ಸಾಲಾಗಿ ತೂಕ ನಿಲ್ಲಿಸಿದ ದಿನಕ್ಕಿಂತ 2 ಕೆಜಿಗೂ ಜಾಸ್ತಿ ಏರಿದ್ದರೆ ಆರು ಕೆಜಿ ಆಗಲಿ ಅಂತ ಕಾಯದೆ ಅಪಾಯಿಂಟ್‌ಮೆಂಟ್. ಆ ಲೆಕ್ಕವನ್ನು ಶೀಟಿಗೆ ಬರೆದಿದ್ದೇನೆ, ಮೀರಿದರೆ ಆ ಚೌಕ ಕೆಂಪಾಗುತ್ತದೆ. "ಚಪ್ಪಾಳೆ ಚಿತ್ರ ಮಾತ್ರ ಹಾಕ್ಬೇಡ" ಅಂತ ಹೇಳಿದ್ದಾಳೆ.